ಎರಡು ತಲೆಯ ಹಕ್ಕಿ ಯಾರ ಗುರುತು?

ಜಯನಗರದ ಸರ್ಕಾರಿ ಕಚೇರಿಯ ನಾಮಫಲಕದಲ್ಲಿ, ಸಚಿವಾಲಯದಿಂದ ಹೊರಡುವ ಪ್ರತಿಯೊಂದು ಆದೇಶದ ನೆತ್ತಿಯಲ್ಲಿ, ಬನಶಂಕರಿಯನ್ನು ದಾಟಿ ಕನಕಪುರದ ಕಡೆಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸಿನ ಮೈಮೇಲೆ ಒಂದು ಹಕ್ಕಿ ಇದೆ. ಅದಕ್ಕೆ ಎರಡು ತಲೆ. ಅದು ಗಂಡಭೇರುಂಡ, ನಮ್ಮ ರಾಜ್ಯದ ಲಾಂಛನದ ನಡುವಿನ ಆಕೃತಿ. ಅದರ ಹಿನ್ನೆಲೆ ಕೇಳಿದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಚಿಕ್ಕದು: ಅದು ವಿಜಯನಗರದ ಅರಸರ ಚಿಹ್ನೆಯಾಗಿತ್ತು, ಅವರಿಂದ ಮೈಸೂರು ಒಡೆಯರಿಗೆ ಬಂತು, ಒಡೆಯರಿಂದ ಸರ್ಕಾರಕ್ಕೆ ಬಂತು. ತಂದೆಯಿಂದ ಮಗನಿಗೆ ಮನೆ ಬಂದ ಹಾಗೆ ಲಾಂಛನವೂ ಕೈಯಿಂದ ಕೈಗೆ ಇಳಿದುಬಂತು ಎಂಬ ಈ ಕಥೆ ಕೇಳಲು ಹಿತವಾಗಿದೆ. ಆದರೆ ಶಾಸನ, ಶಿಲ್ಪ, ನಾಣ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಹಕ್ಕಿ ಬಹಳ ಹಳೆಯದು, ಅದು ಕೂತಿರುವ ಗುರಾಣಿ ಬಹಳ ಹೊಸದು; ಇವೆರಡರ ನಡುವೆ ಅದು ಯಾವ ಒಂದು ಮನೆತನದ ಸ್ವತ್ತಾಗಿಯೂ ಉಳಿಯಲಿಲ್ಲ. ಈ ಹೊತ್ತು ನಾನು ಸಾಧಿಸಬೇಕೆಂದಿರುವುದು ಇದನ್ನೇ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ರಾಜಲಾಂಛನ ಎಂಬುದು ನಮ್ಮ ನಾಡಿಗೆ ಹೊರಗಿನಿಂದ ಬಂದ ಕಲ್ಪನೆಯಲ್ಲ. ಬನವಾಸಿಯ ಕದಂಬರಿಗೆ ಸಿಂಹ, ತಲಕಾಡಿನ ಗಂಗರಿಗೆ ಮದಗಜ, ಬಾದಾಮಿಯ ಮತ್ತು ಕಲ್ಯಾಣದ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ ಇತ್ತು. ತಾಮ್ರಶಾಸನದ ಹಲಗೆಗಳನ್ನು ಪೋಣಿಸಿದ ಬಳೆಯ ಮೇಲೆ ಈ ಮುದ್ರೆಗಳನ್ನು ಒತ್ತುತ್ತಿದ್ದರು. ಮುದ್ರೆ ಇದ್ದರೆ ದಾನ ಅರಸನದೇ ಎಂದು ಖಾತ್ರಿ. ಆದರೆ ಈ ಪಟ್ಟಿಯಲ್ಲಿ ಗಂಡಭೇರುಂಡ ಇಲ್ಲ. ವಿಜಯನಗರದ ಅರಸರೂ ಚಾಲುಕ್ಯರ ವರಾಹವನ್ನೇ ತಮ್ಮದು ಮಾಡಿಕೊಂಡರು, ಅದರ ಜೊತೆಗೆ ಕಠಾರಿಯನ್ನೂ ಸೂರ್ಯಚಂದ್ರರನ್ನೂ ಸೇರಿಸಿದರು. ಅವರ ಚಿನ್ನದ ನಾಣ್ಯಕ್ಕೆ ವರಾಹ ಎಂದೇ ಹೆಸರು ನಿಂತಿತು. ಹಾಗಾದರೆ ಎರಡು ತಲೆಯ ಹಕ್ಕಿ ಮೊದಲು ಕಾಣಿಸಿಕೊಂಡದ್ದು ಎಲ್ಲಿ, ಯಾರ ಗುರುತಾಗಿ?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಎತ್ತರವಾದ ಒಂದು ಕಲ್ಲಿನ ಕಂಬವಿದೆ. 1047ರಲ್ಲಿ ಅದನ್ನು ನಿಲ್ಲಿಸಿದವನು ಬನವಾಸಿ ಹನ್ನೆರಡು ಸಾಸಿರವನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾಮುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕೈಕೆಳಗಿನ ಅಧಿಕಾರಿ ಈತ. ಗಂಡಭೇರುಂಡ ಎಂಬುದು ಇವನ ಬಿರುದು. ಜಗದೇಕಮಲ್ಲೇಶ್ವರನ ಗುಡಿಯ ಮುಂದೆ ಇವನು ಎತ್ತಿಸಿದ ಕಂಬ ಆ ಬಿರುದಿನ ಕಲ್ಲಿನ ರೂಪ. ಶಾಸನತಜ್ಞ ಬಿ. ಎಲ್. ರೈಸ್ ಅವರು 1902ರಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಸಂಪುಟವನ್ನು ಪ್ರಕಟಿಸಿದ ಮೇಲೆ ಇದರ ಪಾಠ ಎಲ್ಲರಿಗೂ ಸಿಗುವಂತಾಯಿತು. ಇಲ್ಲಿ ಗಮನಿಸಬೇಕಾದ್ದು ಎರಡು. ಚಕ್ರವರ್ತಿಯ ಲಾಂಛನ ವರಾಹವಾಗಿದ್ದ ಕಾಲದಲ್ಲೇ ಅವನ ಮಂಡಲೇಶ್ವರನೊಬ್ಬ ಭೇರುಂಡವನ್ನು ತನ್ನ ಹೆಮ್ಮೆಯ ಗುರುತಾಗಿ ನಿಲ್ಲಿಸಿದ. ಅಂದರೆ ಈ ಹಕ್ಕಿ ಹುಟ್ಟಿನಿಂದ ರಾಜಮುದ್ರೆಯಲ್ಲ. ಪರಾಕ್ರಮಕ್ಕೆ ಸಂದ ಬಿರುದು. ಮುದ್ರೆ ವಂಶಕ್ಕೆ ಸೇರಿದ್ದು, ಬಿರುದನ್ನು ವ್ಯಕ್ತಿ ಗಳಿಸಬೇಕು. ಎರಡನೆಯದು ಅದರ ರೂಪ. ಬಳ್ಳಿಗಾವಿಯ ಭೇರುಂಡಕ್ಕೆ ಮನುಷ್ಯನ ಮೈ ಇದೆ. ಹೆಗಲ ಮೇಲೆ ಮಾತ್ರ ಹಕ್ಕಿಯ ಎರಡು ತಲೆ. ಇಂದಿನ ಲಾಂಛನವನ್ನಷ್ಟೇ ಬಲ್ಲವರು ಅದರ ಮುಂದೆ ನಿಂತರೆ ಇದೇ ಅದು ಎಂದು ತಟ್ಟನೆ ಹೇಳಲಾರರು. ಆ ಸೀಮೆಯ ಶಾಸನಗಳಲ್ಲಿ ಭೂಮಿ ಅಳೆಯುವ ಕೋಲಿಗೂ ಭೇರುಂಡ ಗಳೆ ಎಂಬ ಹೆಸರು ಬರುತ್ತದೆ. ನೂರಾರು ಗದ್ದೆಗಳ ಎಲ್ಲೆಯನ್ನು ಗೊತ್ತುಮಾಡಿದ ಕೋಲು ಅದು. ಲಾಂಛನಗಳ ಚರಿತ್ರೆ ಬರೆಯುವವರು ಅರಮನೆಯ ಬಾಗಿಲಲ್ಲೇ ನಿಲ್ಲುವುದರಿಂದ ಇಂಥ ವಿವರ ಅವರ ಕಣ್ಣಿಗೆ ಬೀಳುವುದಿಲ್ಲ. ನನಗಂತೂ ಇದು ಕಿರೀಟದ ಮೇಲಿನ ಹಕ್ಕಿಗಿಂತ ದೊಡ್ಡ ಗೌರವವಾಗಿ ಕಾಣುತ್ತದೆ.

ಮುಂದಿನ ಶತಮಾನಗಳಲ್ಲಿ ಹಕ್ಕಿ ಹಲವು ಕಡೆ ಹಾರಿತು. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಒಂದನ್ನೊಂದು ಹಿಡಿದ ಪ್ರಾಣಿಗಳ ಸರಪಳಿಯೇ ಇದೆ: ಜಿಂಕೆಯನ್ನು ಹೆಬ್ಬಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭವೆಂಬ ಕಲ್ಪಿತ ಮೃಗ, ಶರಭವನ್ನು ಗಂಡಭೇರುಂಡ. ಮತಗಳ ಪೈಪೋಟಿಯ ಕಥೆಯೂ ಇದಕ್ಕೆ ಅಂಟಿಕೊಂಡಿತು. ಉಗ್ರನರಸಿಂಹನನ್ನು ಅಡಗಿಸಲು ಶಿವ ಶರಭನಾದ ಎಂದು ಶೈವರು ಹೇಳಿದರೆ, ಆ ಶರಭನನ್ನು ಅಡಗಿಸಲು ವಿಷ್ಣು ಗಂಡಭೇರುಂಡನಾದ ಎಂದು ವೈಷ್ಣವರು ಹೇಳಿದರು. ಆದರೂ ಶೈವರಾದ ಕೆಳದಿಯ ನಾಯಕರ ರಾಮೇಶ್ವರ ಗುಡಿಯ ಚಾವಣಿಯಲ್ಲಿ ಗಂಡಭೇರುಂಡ ಮೆರೆಯುತ್ತಿದೆ. ಶಿಲ್ಪಿಗಳು ಆ ಜಗಳವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಂತಿಲ್ಲ. ವಿಜಯನಗರದ ಅಚ್ಯುತದೇವರಾಯ, 1529ರಿಂದ 1542ರವರೆಗೆ ಆಳಿದವನು, ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದ ಗಂಡಭೇರುಂಡವನ್ನು ಚಿನ್ನದ ನಾಣ್ಯಗಳ ಮೇಲೆ ಅಚ್ಚು ಹಾಕಿಸಿದ. ವಿಜಯನಗರದ ಲಾಂಛನವೇ ಇದು ಎನ್ನುವವರು ತೋರಿಸುವುದು ಈ ನಾಣ್ಯಗಳನ್ನೇ. ಆದರೆ ಅದೇ ಸಾಮ್ರಾಜ್ಯದ ಬೇರೆ ನಾಣ್ಯಗಳಲ್ಲಿ ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಬಾಲಕೃಷ್ಣ, ಹನುಮಂತ ಎಲ್ಲರೂ ಇದ್ದಾರೆ. ನಾಣ್ಯದ ಚಿತ್ರ ಅರಸನ ಭಕ್ತಿಯನ್ನೋ ಹೆಮ್ಮೆಯನ್ನೋ ಹೇಳುತ್ತಿತ್ತು. ಅರಸು ಬದಲಾದರೆ ಚಿತ್ರವೂ ಬದಲಾಗುತ್ತಿತ್ತು.

ಮೈಸೂರಿಗೆ ಬಂದರೂ ಇದೇ ಮಾತು. ಒಡೆಯರ ಬಿರುದಾವಳಿಯನ್ನು ನೋಡಿ. ಅದರಲ್ಲಿ ಶಂಖ, ಚಕ್ರ, ಅಂಕುಶ, ಕುಠಾರ, ಮಕರ, ಮತ್ಸ್ಯ, ಶರಭ, ಸಾಳ್ವ, ಗಂಡಭೇರುಂಡ, ಧರಣೀವರಾಹ, ಹನುಮ, ಗರುಡ, ಕಂಠೀರವ ಎಂದು ಸಾಲುಸಾಲಾಗಿ ಬರುತ್ತದೆ. ಹದಿಮೂರು ಗುರುತುಗಳ ಆ ಸಾಲಿನಲ್ಲಿ ನಮ್ಮ ಹಕ್ಕಿಗೆ ಸಿಕ್ಕಿರುವುದು ಒಂದು ಜಾಗ, ಅದೂ ಮೊದಲನೆಯದಲ್ಲ. ನಾಣ್ಯಗಳನ್ನು ಕೇಳಿದರೆ ಅವೂ ಇದನ್ನೇ ಹೇಳುತ್ತವೆ. ಕಂಠೀರವ ನರಸರಾಜ ಒಡೆಯರ ಪುಟ್ಟ ಚಿನ್ನದ ಹಣದ ಮೇಲೆ ನರಸಿಂಹನಿದ್ದಾನೆ. ಹೈದರಾಲಿ ತನ್ನ ವರಾಹದ ಮೇಲೆ ಶಿವಪಾರ್ವತಿಯರನ್ನು ಉಳಿಸಿಕೊಂಡ. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ. ಮುಮ್ಮಡಿ ಕೃಷ್ಣರಾಜರ ತಾಮ್ರದ ನಾಣ್ಯಗಳಲ್ಲೂ ಆನೆ, ಸಿಂಹ. ವಿಜಯನಗರದಿಂದ ನೇರವಾಗಿ ಇಳಿದುಬಂದ ಏಕೈಕ ರಾಜಚಿಹ್ನೆ ಇದಾಗಿದ್ದರೆ, ಜನರ ಕೈಯಲ್ಲಿ ದಿನವೂ ಓಡಾಡುವ ಹಣದ ಮೇಲೆ ಇಷ್ಟು ದೀರ್ಘಕಾಲ ಅದು ಕಾಣದೆ ಹೋದದ್ದು ಏಕೆ? ಬಿರುದುಗಳ ಗುಂಪಿನಲ್ಲಿ ಅದು ಒಂದಾಗಿತ್ತು ಎಂಬುದೇ ಇದಕ್ಕೆ ಸರಿಯಾದ ಉತ್ತರ.

ಹದಿಮೂರರಲ್ಲಿ ಒಂದಾಗಿದ್ದದ್ದು ಒಂದೇ ಒಂದಾಗಿ ಉಳಿದದ್ದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಯುರೋಪಿನ ಲಾಂಛನವಿದ್ಯೆಯ ಕಡೆ ಸ್ವಲ್ಪ ತಿರುಗಬೇಕು. ಅಲ್ಲಿ 12ನೆಯ ಶತಮಾನದಲ್ಲಿ ಮುಖ ಮುಚ್ಚುವ ಶಿರಸ್ತ್ರಾಣ ತೊಟ್ಟ ಸವಾರರನ್ನು ದೂರದಿಂದ ಗುರುತಿಸಲು ಗುರಾಣಿಯ ಮೇಲೆ ಬಣ್ಣದ ಆಕೃತಿ ಬರೆಯುವ ರೂಢಿ ಬೆಳೆಯಿತು. ದೂರದಿಂದ ಕಾಣಬೇಕಾದ್ದರಿಂದ ಆಕೃತಿ ದೊಡ್ಡದಿರಬೇಕು, ಬಣ್ಣ ಗಾಢವಾಗಿರಬೇಕು, ಗುರಾಣಿಯ ನಡುವೆ ಒಂದೇ ಪ್ರಾಣಿ ಇದ್ದರೆ ಒಳ್ಳೆಯದು. ಅಂಥ ಸವಾರರ ಯುದ್ಧಗಳ ಕಾಲ ಮುಗಿದ ಮೇಲೂ ರೂಢಿ ಊರು, ವಿದ್ಯಾಲಯ, ಆಟದ ಸಂಘಗಳಲ್ಲಿ ಬದುಕಿತು. ದೋಣಿಗೆ ಹುಟ್ಟು ಹಾಕುವ ಕ್ಲಬ್ಬುಗಳು ಇದಕ್ಕೆ ಒಳ್ಳೆಯ ಉದಾಹರಣೆ. ದಡದಲ್ಲಿ ನಿಂತವರಿಗೆ ದೋಣಿಯಲ್ಲಿರುವವರ ಮುಖ ಕಾಣುವುದಿಲ್ಲ. ನೀರಿನಿಂದ ಮೇಲೇಳುವ ಹುಟ್ಟಿನ ಅಗಲವಾದ ತುದಿ ಕಾಣುತ್ತದೆ. ಆದ್ದರಿಂದ ಕ್ಲಬ್ಬಿನ ಬಣ್ಣ ಅಲ್ಲಿಗೇ ಬಂತು. ಕಲ್ಕತ್ತೆಯ ರೋಯಿಂಗ್ ಕ್ಲಬ್ 1858ರಲ್ಲಿ, ಮದರಾಸಿನ ಬೋಟ್ ಕ್ಲಬ್ 1867ರಲ್ಲಿ, ಪುಣೆಯ ರಾಯಲ್ ಕನಾಟ್ ಬೋಟ್ ಕ್ಲಬ್ 1868ರಲ್ಲಿ ಹುಟ್ಟಿದವು. ಈ ಕ್ಲಬ್ಬುಗಳ ಜೊತೆಯಲ್ಲೂ ಗುರುತು ತೊಡುವ ಆ ಪದ್ಧತಿ ನಮ್ಮ ದೇಶಕ್ಕೆ ಬಂತು. ಬೆಂಗಳೂರಿಗೆ ನದಿ ಇಲ್ಲ, ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯವರು ಹುಟ್ಟು ಹಾಕುವುದನ್ನು ಬಿಟ್ಟರೆ ಈ ಆಟ ನಮಗೆ ದೂರವೇ. ಗುರುತಿನ ಆ ಪದ್ಧತಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಇನ್ನೊಂದು ದಾರಿಯಿಂದ.

1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಿದ ದರ್ಬಾರು ನಡೆಯಿತು. ಅಲ್ಲಿ ವೈಸ್‌ರಾಯ್ ಲಾರ್ಡ್ ಲಿಟ್ಟನ್ ದೇಶೀಯ ಅರಸರಿಗೆ ರೇಷ್ಮೆಯ ಪತಾಕೆಗಳನ್ನು ಕೊಟ್ಟ. ಒಂದೊಂದರ ಮೇಲೂ ಆಯಾ ಸಂಸ್ಥಾನಕ್ಕೆಂದು ಯುರೋಪಿನ ಕ್ರಮದಲ್ಲಿ ರಚಿಸಿದ ಲಾಂಛನವಿತ್ತು. ಇವುಗಳನ್ನು ರೂಪಿಸಿದವನು ಬಂಗಾಳದ ನಾಗರಿಕ ಸೇವೆಯ ಅಧಿಕಾರಿ ರಾಬರ್ಟ್ ಟೇಲರ್. ಆಗ ಮೈಸೂರು ಯಾರ ಕೈಯಲ್ಲಿತ್ತು ಎಂಬುದನ್ನು ನೆನೆಯಬೇಕು. 1831ರಿಂದ ಬ್ರಿಟಿಷ್ ಕಮಿಷನರರ ಆಡಳಿತ. ಚಾಮರಾಜೇಂದ್ರ ಒಡೆಯರು ಇನ್ನೂ ಹದಿಮೂರು ವರ್ಷದ ಹುಡುಗ. ರಾಜ್ಯ ಅವರ ಕೈಗೆ ಮರಳಿದ್ದು 1881ರ ಮಾರ್ಚ್ 25ರಂದು. ಗುರಾಣಿಯ ಒಳಗೆ ಹಕ್ಕಿ, ಎರಡು ಬದಿಯಲ್ಲಿ ಆನೆಮೊಗದ ಸಿಂಹಗಳು, ಕೆಳಗೆ ಪಟ್ಟಿಯ ಮೇಲೆ ಧ್ಯೇಯವಾಕ್ಯ ಎಂಬ ಜೋಡಣೆಯ ವ್ಯಾಕರಣ ಆ ಕಾಲದ್ದು, ಆ ದರ್ಬಾರಿನ ಜಗತ್ತಿನದು. ಅಂಥ ಜೋಡಣೆ ಬಳ್ಳಿಗಾವಿಯಲ್ಲೂ ಇಲ್ಲ, ಹಂಪಿಯಲ್ಲೂ ಇಲ್ಲ. ಬಿರುದಾವಳಿಯ ಅಷ್ಟೂ ಗುರುತುಗಳಲ್ಲಿ ಗಂಡಭೇರುಂಡವೇ ಗೆದ್ದದ್ದು ಏಕೆಂಬುದಕ್ಕೂ ಇಲ್ಲಿ ಕಾರಣ ಹುಡುಕಬಹುದೆಂದು ನನ್ನ ಎಣಿಕೆ. ಗುರಾಣಿಯ ಎಡಬಲಗಳನ್ನು ಸಮನಾಗಿ ತುಂಬುವ ಆಕೃತಿ ಅದು. ರಷ್ಯಾ, ಆಸ್ಟ್ರಿಯಾಗಳ ಎರಡು ತಲೆಯ ಹದ್ದನ್ನು ಕಂಡವರ ಕಣ್ಣಿಗೆ ರಾಜಠೀವಿಯದಾಗಿ ತೋರುವಂಥದ್ದು. ಶಂಖಕ್ಕೋ ಮತ್ಸ್ಯಕ್ಕೋ ಆ ಅನುಕೂಲ ಇರಲಿಲ್ಲ.

ಈ ಹೊಸ ಜೋಡಣೆಯಲ್ಲಿ ನಡೆದ ಒಂದು ಬದಲಾವಣೆಯ ಬಗ್ಗೆ ಯಾರೂ ಹೆಚ್ಚು ಮಾತಾಡಿಲ್ಲ. ಬೇಲೂರಿನ ಸರಪಳಿಯಲ್ಲಿ ಶರಭ ಗಂಡಭೇರುಂಡದ ಬೇಟೆ. ಪುರಾಣದಲ್ಲೂ ಅವು ಹಗೆಗಳು. ಅಚ್ಯುತರಾಯನ ನಾಣ್ಯದಲ್ಲಿ ಹಕ್ಕಿಯ ಹಿಡಿತದಲ್ಲಿ ಆನೆಗಳು ಒದ್ದಾಡುತ್ತಿವೆ. ಲಾಂಛನದಲ್ಲಿ ಹಕ್ಕಿಯ ಕೊಕ್ಕು ಖಾಲಿ, ಉಗುರು ಖಾಲಿ. ಆನೆಯ ತಲೆ, ಸಿಂಹದ ಮೈ ಇರುವ ಶರಭಗಳು ಎರಡು ಪಕ್ಕದಲ್ಲಿ ನಿಂತು ಗುರಾಣಿಯನ್ನು ಹಿಡಿದಿವೆ. ಬೇಟೆಯಾಗಿದ್ದದ್ದು ಕಾವಲಾಯಿತು. ಗುರಾಣಿಗೆ ಎರಡು ಕಡೆ ಆಸರೆ ಬೇಕೆಂಬ ಪರದೇಶದ ನಿಯಮವೊಂದು ನಮ್ಮ ಹಳೆಯ ಹಗೆಯನ್ನು ಹೀಗೆ ಮುಗಿಸಿತು. ಇದನ್ನು ಯಾರೂ ಬೇಕೆಂದು ಯೋಚಿಸಿ ಮಾಡಿರಲಾರರು. ಆದರೆ ಶೈವರೂ ವೈಷ್ಣವರೂ ಜೈನರೂ ಮುಸಲ್ಮಾನರೂ ಕ್ರೈಸ್ತರೂ ಕೂಡಿ ಬಾಳುವ ನಾಡಿಗೆ, ಒಂದು ಮತದ ದೇವರು ಇನ್ನೊಂದು ಮತದ ದೇವರನ್ನು ಸೀಳುವ ಚಿತ್ರಕ್ಕಿಂತ ಇದು ಎಷ್ಟೋ ಮೇಲು.

ಇನ್ನು ಆಕ್ಷೇಪಗಳಿಗೆ ಬರೋಣ. ಎರಡು ತಲೆಯ ಹಕ್ಕಿ ಮೂಲದಲ್ಲೇ ನಮ್ಮದಲ್ಲ, ಪಶ್ಚಿಮದಿಂದ ಬಂದದ್ದು ಎಂಬ ವಾದವಿದೆ. ತುರ್ಕಿ ದೇಶದ ಹಿತ್ತೀಯ ಶಿಲ್ಪಗಳಲ್ಲಿ ಕ್ರಿಸ್ತಪೂರ್ವ ಕಾಲದಲ್ಲೇ ಅದು ಇದೆ, ತಕ್ಷಶಿಲೆಯ ಸಿರ್‌ಕಪ್‌ನ ಸ್ತೂಪವೊಂದರ ಮೇಲೂ ಇದೆ, ನಿಜ. ಆದರೆ ಸಿರ್‌ಕಪ್‌ಗೂ ಬಳ್ಳಿಗಾವಿಗೂ ನಡುವೆ ಸುಮಾರು ಒಂದು ಸಾವಿರ ವರ್ಷದ ಅಂತರವಿದೆ, ದಾರಿಯುದ್ದಕ್ಕೂ ಹೆಜ್ಜೆಗುರುತು ಬೇಕಲ್ಲ. ಹೋಲಿಕೆ ಇದ್ದ ಮಾತ್ರಕ್ಕೆ ಸಂಬಂಧ ಸಾಬೀತಾಗುವುದಿಲ್ಲ. ಆ ಹದ್ದುಗಳಿಗೆ ಮನುಷ್ಯನ ಮೈ ಇಲ್ಲ, ಆನೆ ಹಿಡಿಯುವ ಕಥೆ ಇಲ್ಲ. ಕಲ್ಪನೆ ಎಲ್ಲಿಂದಲೇ ಬಂದಿರಲಿ, ಅದು ಪಡೆದ ಮೈ ಮತ್ತು ಅರ್ಥ ಎರಡೂ ಇಲ್ಲಿಯವೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಜೋಡಣೆ ವಸಾಹತು ದರ್ಬಾರಿನದು ಎಂದಮೇಲೆ ಅದನ್ನು ಏಕೆ ಇಟ್ಟುಕೊಳ್ಳಬೇಕು? ಇದಕ್ಕೆ ಉತ್ತರ ಹುಟ್ಟಿನಲ್ಲಿಲ್ಲ, ಬಳಕೆಯಲ್ಲಿದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಹಕ್ಕಿ ಅದರ ಮುದ್ರೆಗೆ ಹೋಯಿತು. ಹಳ್ಳಿಯಿಂದ ಬಂದು ಪದವಿ ಪಡೆದ ಮೊದಲ ತಲೆಮಾರಿನವರ ಪ್ರಮಾಣಪತ್ರದ ಮೇಲೆ ಅದು ಇತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಯ ಬಿಲ್ಲೆಯಲ್ಲಿ ಅದು ಇತ್ತು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಅದರಿಂದ ಬೆಳೆದ ಇಂದಿನ ನಿಗಮದ ಗುರುತಿನಲ್ಲೂ ಗಂಡಭೇರುಂಡವಿದೆ. ಅರಸನ ಪತಾಕೆಯಿಂದ ವಿದ್ಯಾರ್ಥಿಯ ಪತ್ರಕ್ಕೆ, ಸಿಪಾಯಿಯ ಟೋಪಿಗೆ, ಸಂತೆಗೆ ಹೋಗುವವಳು ಕೈ ಅಡ್ಡ ಹಿಡಿದು ನಿಲ್ಲಿಸುವ ಬಸ್ಸಿಗೆ ಬಂದ ಗುರುತನ್ನು ದರ್ಬಾರಿನ ಉಡುಗೊರೆ ಎಂದು ಈಗ ತಳ್ಳುವುದು ಈ ಜನರ ಪಾಲನ್ನು ಮರೆತಂತೆ.

ಅದೇ 1948ರಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ಇನ್ನೊಂದು ಲಾಂಛನ ತಲೆಯೆತ್ತಿತು. ಲಾಲ್‌ಬಾಗಿನ ದಕ್ಷಿಣಕ್ಕೆ ಜಯನಗರ ಎಂಬ ಹೊಸ ಬಡಾವಣೆಗೆ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಚಾಲನೆ ಕೊಟ್ಟರು. ಅದರ ನೆನಪಿಗೆ ನಿಂತದ್ದು ಅಶೋಕ ಪಿಲ್ಲರ್. ಇಂದು ಬಸ್ಸಿನ ನಿಲುಗಡೆಯ ಹೆಸರಾಗಿ, ದಾರಿ ಹೇಳುವ ಗುರುತಾಗಿ ಮಾತ್ರ ಉಳಿದಿರುವ ಆ ಕಂಬವನ್ನು ಚರಿತ್ರೆಯ ಸಾಕ್ಷಿಯಾಗಿ ನೋಡಬೇಕು. ಅದು ನಿಂತಾಗ ಮೈಸೂರಿಗೆ ಮಹಾರಾಜರಿದ್ದರು, ಸರ್ಕಾರದ ಕಾಗದದ ಮೇಲೆ ಗಂಡಭೇರುಂಡವಿತ್ತು, ಸಂವಿಧಾನ ಇನ್ನೂ ಜಾರಿಯಾಗಿರಲಿಲ್ಲ. ಆದರೂ ಹೊಸ ಬಡಾವಣೆಯ ಹೆಬ್ಬಾಗಿಲಲ್ಲಿ ಸಾರನಾಥದ ಸಿಂಹಗಳು ಬಂದು ಕೂತವು. 1950ರ ಜನವರಿ 26ರಂದು ಅವು ಗಣರಾಜ್ಯದ ಲಾಂಛನವಾದವು. ಮುಂದೆ ರಾಜ್ಯದ ಲಾಂಛನದಲ್ಲಿ ಗುರಾಣಿಯ ನೆತ್ತಿಗೆ ಅವೇ ಸಿಂಹಗಳು ಏರಿದವು, ಕೆಳಗಿನ ಪಟ್ಟಿಗೆ ಮುಂಡಕೋಪನಿಷತ್ತಿನಿಂದ ತೆಗೆದ ರಾಷ್ಟ್ರದ ಧ್ಯೇಯವಾಕ್ಯ ಬಂತು. ಉತ್ತರದ ಸಿಂಹಗಳನ್ನು ನಮ್ಮ ಹಕ್ಕಿಯ ತಲೆಯ ಮೇಲೆ ಕೂರಿಸಿದರು ಎಂದು ಕೊರಗುವವರೂ ಇದ್ದಾರೆ. ಆದರೆ ಅಶೋಕನ ಶಾಸನಗಳು ನಮ್ಮ ಬ್ರಹ್ಮಗಿರಿಯಲ್ಲಿವೆ, ಮಸ್ಕಿಯಲ್ಲಿವೆ. ಶಾಸನಗಳಲ್ಲಿ ದೇವಾನಾಂಪ್ರಿಯ ಎಂದು ಬರುತ್ತಿದ್ದ ಅರಸನೇ ಅಶೋಕ ಎಂಬುದಕ್ಕೆ ಶಾಸನದ ಖಚಿತ ಸಾಕ್ಷ್ಯ ದೊರೆತದ್ದು 1915ರಲ್ಲಿ ಮಸ್ಕಿಯ ಬಂಡೆ ಸಿಕ್ಕಾಗ. ಆತನನ್ನು ಈ ನೆಲಕ್ಕೆ ಹೊರಗಿನವನೆನ್ನುವುದು ಹೇಗೆ?

ಕೊನೆಯ ಆಕ್ಷೇಪ ಕರ್ನಾಟಕದ ಒಳಗಿನದು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳ ಕನ್ನಡ ಜಿಲ್ಲೆಗಳು, ಕೊಡಗು ಎಲ್ಲ ಒಂದಾದ ಮೇಲೆ, ಹಳೆ ಮೈಸೂರಿನ ಅರಸರ ಗುರುತು ಧಾರವಾಡಕ್ಕೂ ಕಲಬುರಗಿಗೂ ಏಕೆ ಎಂದು ಕೇಳಬಹುದು. ರಾಜ್ಯದ ಹೆಸರು 1973ರಲ್ಲಿ ಬದಲಾದ ಹಾಗೆ ಲಾಂಛನವೂ ಬದಲಾಗಬೇಕಿತ್ತು ಎಂಬುದು ತರ್ಕಬದ್ಧವಾದ ಮಾತೇ. ಹಕ್ಕಿ ಅರಮನೆಯದೇ ಎಂದು ಒಪ್ಪಿಕೊಂಡವರಿಗೆ ಇದಕ್ಕೆ ಉತ್ತರವಿಲ್ಲ. ಬಳ್ಳಿಗಾವಿಯ ಕಂಬಕ್ಕೆ ಇದೆ. ಅದನ್ನು ನಿಲ್ಲಿಸಿದವನು ಈಗಿನ ಬೀದರ್ ಜಿಲ್ಲೆಯ ಕಲ್ಯಾಣದಿಂದ ಆಳಿದ ಚಕ್ರವರ್ತಿಯ ಅಧಿಕಾರಿ. ಒಡೆಯರ ಸಂಸ್ಥಾನ ಹುಟ್ಟುವುದಕ್ಕೆ ಮೂರು ಶತಮಾನಕ್ಕೂ ಹಿಂದೆ, ತುಂಗಭದ್ರೆಯ ಎರಡು ದಡವನ್ನೂ ಒಳಗೊಂಡ ರಾಜ್ಯದಲ್ಲಿ, ಹಕ್ಕಿ ಕಲ್ಲಿನಲ್ಲಿ ನಿಂತಿತ್ತು. 2018ರ ಮಾರ್ಚ್‌ನಲ್ಲಿ ಸರ್ಕಾರ ಮುಂದಿಟ್ಟ ಹಳದಿ, ಬಿಳಿ, ಕೆಂಪು ನಾಡಧ್ವಜದ ನಡುವೆ ರಾಜ್ಯದ ಲಾಂಛನವನ್ನು ಇಟ್ಟಾಗ ಧ್ವಜ ಬೇಕೇ ಬೇಡವೇ ಎಂಬ ವಾದ ಜೋರಾಗಿ ನಡೆಯಿತು. ಹಕ್ಕಿ ಮೈಸೂರಿನದು ಎಂಬ ಕೂಗು ಆ ವಾದದ ಮುಂಚೂಣಿಗೆ ಬರಲಿಲ್ಲ.

ಈ ಎಲ್ಲದರಿಂದ ಒಂದು ವ್ಯಾವಹಾರಿಕ ಸೂಚನೆಯೂ ಹೊರಡುತ್ತದೆ. ಜೆ.ಪಿ. ನಗರದಲ್ಲೋ ಬಿ.ಟಿ.ಎಂ. ಬಡಾವಣೆಯಲ್ಲೋ ಆಟದ ಸಂಘವೋ ಕನ್ನಡ ಸಂಘವೋ ತನಗೊಂದು ಗುರುತು ಬೇಕೆಂದು ಹೊರಟಾಗ ಸಾಮಾನ್ಯವಾಗಿ ಸರ್ಕಾರಿ ಲಾಂಛನವನ್ನೇ ಅಲ್ಪಸ್ವಲ್ಪ ತಿದ್ದಿ ಬರೆಸುತ್ತದೆ. ಸಿಂಹಗಳಿರುವ ಆ ಪೂರ್ಣ ಜೋಡಣೆ ರಾಜ್ಯದ ಅಧಿಕಾರದ ಮುದ್ರೆ. ಅದನ್ನು ಖಾಸಗಿ ಸಂಘಗಳು ಬಳಸುವುದಕ್ಕೆ ಕಾನೂನಿನ ತಡೆಯಿದೆ, ಇರಲೂಬೇಕು. ಹಕ್ಕಿಯ ವಿಷಯ ಹಾಗಲ್ಲ. ಬಳ್ಳಿಗಾವಿಯಲ್ಲಿ ಮನುಷ್ಯನ ಮೈಯ ಭೇರುಂಡ ಇದೆ, ಬೇಲೂರಿನ ಸರಪಳಿಯಲ್ಲಿ ಒಂದಿದೆ, ಕೆಳದಿಯ ಚಾವಣಿಯಲ್ಲಿ ಇನ್ನೊಂದಿದೆ. ಒಂದೊಂದಕ್ಕೂ ಬೇರೆ ರೇಖೆ, ಬೇರೆ ಗತ್ತು. ಚಿತ್ರ ಬರೆಯುವವರು 19ನೆಯ ಶತಮಾನದ ಗುರಾಣಿಯನ್ನು ನಕಲು ಮಾಡುವ ಬದಲು ಶಿಕಾರಿಪುರದ ಬಸ್ಸು ಹತ್ತಿ ಆ ಕಂಬವನ್ನು ನೋಡಿ ಬರಲಿ. ಬಿರುದನ್ನು ಗಳಿಸಬೇಕಾದವರು ಆಟಗಾರರು. ಅವರಿಗೆ ಒಪ್ಪುವುದು ಚಾಮುಂಡರಾಯನ ಭೇರುಂಡವೇ.